ಅಕ್ಟೋಬರ್ ಚಾಟ್ನಿಗೆ ನನ್ನ ತಯಾರಿ

ಬಲಗೈ ಜೋಮು ಹಿಡಿದಾಗ ನಾನು ಪೇಸ್ಟ್ ಡಬ್ಬಿಯನ್ನು ಬೈದೆ.

ಈ ವರ್ಷದ ಏಪ್ರಿಲ್. ಐಗಳಿಯ ನಮ್ಮ ದ್ರಾಕ್ಷಿ ತೋಟದಲ್ಲಿ ಚಾಟ್ನಿ, ಅಂದರೆ ಕಡ್ಡಿ ಕತ್ತರಿಸುವ ಕೆಲಸ, ಮುಗಿದಿತ್ತು. ಬಳ್ಳಿ ಒಂದೇ ಸಮ ಚಿಗುರಲಿ ಎಂದು ಔಷಧದ ಪೇಸ್ಟ್ ಹಚ್ಚುತ್ತಿದ್ದೆವು. ಅದು ತಾಗಿ ಕೈ ಉರಿಯುವುದು, ಮರಗಟ್ಟುವುದು ನಮಗೆ ಹೊಸದಲ್ಲ. ಸಾಬೂನು ಹಚ್ಚಿ ತೊಳೆದೆ. ಒಂದು ತಂಬಿಗೆ ಮಜ್ಜಿಗೆ ಕುಡಿದೆ. ಅರ್ಧ ಅಂಗಿಯ ಮೇಲೆ ಸುರಿಯಿತು.

"ಬಾಯಿ ಸೊಟ್ಟ ಆಗೇತ್ರಿ, ದವಾಖಾನಿಗೆ ಹೋಗೂಣು" ಎಂದಳು ಹೆಂಡತಿ ಶಾಂತಾ.

"ಔಷಧಿ ಮೈಗೆ ಏರೇತಿ, ಇಳೀತೈತಿ. ಸುಮ್ನಿರ" ಎಂದು ಗದರಿಸಿ ಬೇವಿನ ನೆರಳಿನಲ್ಲಿ ಮಲಗಿದೆ.

ಮಧ್ಯಾಹ್ನ ಏಳಲು ಹೋದೆ. ಬಲಗಾಲು ಬರಲಿಲ್ಲ.

ಮಿರಜ್‌ನ ಆಸ್ಪತ್ರೆಯಲ್ಲಿ ಸಿ.ಟಿ. ಸ್ಕ್ಯಾನ್ ಆಯಿತು. ಸ್ಟ್ರೋಕ್. ಯಾವಾಗ ಶುರುವಾಯಿತು ಎಂದು ಡಾಕ್ಟರ್ ಕೇಳಿದರು. "ಮುಂಜಾನಿ ಎಂಟಕ್ಕರಿ" ಎಂದಳು ಶಾಂತಾ. ಅವರು ಗಡಿಯಾರ ನೋಡಿದರು. ರಕ್ತದ ಗಂಟು ಕರಗಿಸುವ ಇಂಜೆಕ್ಷನ್ ಕೊಡುವ ಹೊತ್ತು ದಾಟಿತ್ತು.

ಆ ಹೊತ್ತಿನಲ್ಲಿ ನಾನು ಬೇವಿನ ಕೆಳಗೆ ಗೊರಕೆ ಹೊಡೆದಿದ್ದೆ.

ಮನೆಗೆ ಬಂದ ಮೇಲೆ ಬರೀ ಸಿಟ್ಟು. ಅಂಗಿಯ ಗುಂಡಿಯ ಮೇಲೆ ಸಿಟ್ಟು, ರೊಟ್ಟಿ ಮುರಿಯಲಾಗದ ಕೈಯ ಮೇಲೆ ಸಿಟ್ಟು. ಮಾತಾಡಿಸಲು ಬಂದವರು ಪಾರಿವಾಳದ ರಕ್ತ ತಿಕ್ಕಲು ಹೇಳಿ, ಚಹಾ ಕುಡಿದು ಹೋಗುತ್ತಿದ್ದರು. ಅವರ ಮೇಲೂ ಸಿಟ್ಟು. ತಲೆಯಲ್ಲಿ ಒಂದೇ ಚಿಂತೆ ಕೊರೆಯುತ್ತಿತ್ತು. ಏಪ್ರಿಲ್ ಚಾಟ್ನಿಯನ್ನು ಯಾರು ಮಾಡಿದರೂ ನಡೆದೀತು, ಫಲಕ್ಕಾಗಿ ಮಾಡುವ ಅಕ್ಟೋಬರಿನದು ಹಾಗಲ್ಲ. ಒಂದೊಂದು ಕಡ್ಡಿಯ ದಪ್ಪ ನೋಡಿ, ಎಷ್ಟು ಕಣ್ಣು, ಅಂದರೆ ಚಿಗುರೊಡೆಯುವ ಗೆಣ್ಣು, ಬಿಟ್ಟು ಕತ್ತರಿಸಬೇಕೆಂದು ನಿಂತಲ್ಲೇ ತೀರ್ಮಾನಿಸಬೇಕು. ತಪ್ಪಿದರೆ ಆ ಕಡ್ಡಿಗೆ ಗೊಂಚಲಿಲ್ಲ. ಮೂವತ್ತು ವರ್ಷ ನನ್ನ ತೋಟದಲ್ಲಿ ಆ ಕತ್ತರಿಯನ್ನು ಬೇರೆಯವರ ಕೈಗೆ ಕೊಟ್ಟವನಲ್ಲ.

ಅಥಣಿಯ ಫಿಸಿಯೋಥೆರಪಿ ಹುಡುಗಿಗೆ ಇದನ್ನೇ ಹೇಳಿದೆ. "ಅಕ್ಟೋಬರ್ ಚಾಟ್ನಿ ಮಾಡೂದು ಗುರಿ ಅಂದ್ರ ಛಲೋ ಆತು ಕಾಕಾ" ಎಂದಳು. "ನಿಮ್ಮ ಕಡೆ ಏನೈತಿ, ಏನಿಲ್ಲ, ಎರಡೂ ಬರಕೊಂಡ ಬರ್ರಿ. ಅದನ್ನ ನೋಡಿ ಪ್ಲ್ಯಾನ್ ಮಾಡೂಣು."

ಶಾಲೆಯ ಹುಡುಗನಿಗೆ ಹೇಳಿದ ಹಾಗೆ! ಆದರೂ ಎಡಗೈಯಲ್ಲಿ ಗೀಚಿದೆ. ಇರುವುದು: ಹಠ. ಇಲ್ಲದ್ದು: ಬಲಗೈ. ಅಲ್ಲಿಗೆ ಮುಗಿಯಿತು.

ಶಾಂತಾ ಓದಿ ಪೆನ್ನು ಕಸಿದುಕೊಂಡಳು. "ಹಠ ಬಲಗೈ ಜೋಡಿ, ಈ ಕಡೆ ಬರೀರಿ. ಆವತ್ತ ದವಾಖಾನಿಗೆ ಹೋಗಾಕ ಬಿಡಲಾರದ್ದು ಕೈ ಅಲ್ಲ, ಹಠ."

"ಹಂಗಾರ ನನ್ನ ಕಡೆ ಉಳದದ್ದ ಏನ?"

"ಕಡ್ಡಿ ನೋಡಿದ ಕೂಡ್ಲೆ ನಿಮಗ ತಿಳೀತೈತಿ. ಅದನ್ನ ಬರದ ಇಲ್ಲ ನೀವು."

ಕಾಗದ ಹರಿದು ಎಸೆದೆ. ನಾಲ್ಕು ದಿನ ಅವಳ ಜೊತೆ ಮಾತು ಬಿಟ್ಟೆ. ಅವಳು ಹೇಳಿದ್ದು ಸುಳ್ಳಾಗಿದ್ದರೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ.

ಅಕ್ಟೋಬರ್ ಬಂತು. ಕೈ ಬರಲಿಲ್ಲ. ನಮ್ಮ ಕಡೆ ಕತ್ತರಿ ಗಂಡಸರದು. ಪೇಸ್ಟ್ ಹಚ್ಚುವುದು, ಸುತಳಿ ಕಟ್ಟುವುದು ಹೆಂಗಸರದು. ಆದರೂ ಶಾಂತಾ ಕತ್ತರಿ ಹಿಡಿದು ನನ್ನ ಮುಂದೆ ನಿಂತಳು. ಕೋಲೂರಿಕೊಂಡು ನಾನು ಹೇಳುವುದು, ಅವಳು ಕತ್ತರಿಸುವುದು. ದಿನಕ್ಕೆ ಹತ್ತು ಸಾಲು ಎಂದು ನಾನೇ ಲೆಕ್ಕ ಹಾಕಿದ್ದೆ.

ಮೊದಲ ಕಡ್ಡಿಗೇ ಅವಳು ತಡವರಿಸಿದಳು. ನಾನು ಒದರಿದೆ.

"ತಗೊಳ್ರಿ, ನೀವ ಮಾಡ್ರಿ" ಎಂದು ಕತ್ತರಿ ಚಾಚಿದಳು.

ಕೋಲನ್ನು ಕಂಬಕ್ಕೆ ಆನಿಸಿ ಎಡಗೈಯಲ್ಲಿ ಒತ್ತಿದೆ. ಕಡ್ಡಿ ತುಂಡಾಗಲಿಲ್ಲ, ಉದ್ದಕ್ಕೆ ಸೀಳಿತು. ಕತ್ತರಿ ಮರಳಿ ಕೊಟ್ಟೆ.

"ಇದಕ್ಕ ಐದು ಕಣ್ಣು ಬಿಡು. ಅದು ದಪ್ಪ ಐತಿ, ಏಳು."

ಎರಡನೇ ಸಾಲಿಗೆ ಅವಳ ಕೈ ಪಳಗಿತು. ಕೆಲವು ಕಡ್ಡಿಗಳಿಗೆ ನಾನು ಹೇಳುವ ಮೊದಲೇ ಸರಿಯಾದ ಜಾಗದಲ್ಲಿ ಕತ್ತರಿ ಇಡುತ್ತಿದ್ದಳು. ಖುಷಿಯಾಗಬೇಕಿತ್ತು. ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ.

ಮೂರನೇ ಸಾಲಿನ ನಡುವೆ ಬಲಗಾಲು ನಡುಗತೊಡಗಿತು. ಇನ್ನೂ ಏಳು ಸಾಲು ಬಾಕಿ. ಶಾಂತಾ ಆ ಕಡೆ ಮುಖ ಮಾಡಿದ್ದಳು. ನಾನು ಸುಮ್ಮನೆ ಕಂಬ ಹಿಡಿದು ನಿಂತಿದ್ದರೆ ಅವಳಿಗೆ ತಿಳಿಯುತ್ತಲೇ ಇರಲಿಲ್ಲ.

"ಶಾಂತಾ, ನನ್ನ ಕೈಲೆ ಆಗವಲ್ತು. ಮನಿಗೆ ಕರಕೊಂಡ ಹೋಗ."

ಅವಳು ತಿರುಗಿದಳು. ಮೂವತ್ತು ವರ್ಷದ ಸಂಸಾರದಲ್ಲಿ ನನ್ನ ಬಾಯಿಂದ ಈ ಮಾತು ಕೇಳಿದವಳಲ್ಲ.

"ಏನಂದ್ರಿ?"

ಎರಡನೇ ಸಲ ಹೇಳುವುದು ಇನ್ನೂ ಕಷ್ಟವಾಯಿತು. ಹೇಳಿದೆ.