ಸಿಂಗಾಪುರದ ವಸ್ತಿ

ನ್ಯೂಜಿಲೆಂಡಿಗೆ ಹೋಗುವಾಗ ನಡುವೆ ಸಿಂಗಾಪುರದಲ್ಲಿ ಮೂರು ದಿನ ಇಳಿದುಕೊಳ್ಳಬೇಕಾಗುತ್ತದೆ ಎಂದಾಗ ನನ್ನ ಹೆಂಡತಿ ಅದಕ್ಕೆ ‘ವಸ್ತಿ’ ಎಂದು ಹೆಸರಿಟ್ಟಳು. ರಾತ್ರಿ ಹಳ್ಳಿಯಲ್ಲೇ ತಂಗಿ ನಸುಕಿನಲ್ಲಿ ಹೊರಡುವ ಬಸ್ಸಿಗೆ ನಮ್ಮ ಕಡೆ ವಸ್ತಿ ಗಾಡಿ ಎನ್ನುತ್ತಾರೆ. ಬೀಳಗಿ ಹತ್ತಿರದ ಅವಳ ತವರಿಗೆ ಅಂಥದೊಂದು ಗಾಡಿ ಬರುತ್ತಿತ್ತು.

“ವಿಮಾನಕ್ಕೂ ವಸ್ತಿ ಇರ್ತೈತೇನ್ರಿ? ಡ್ರೈವರ್ ಎಲ್ಲಿ ಮಲಕ್ಕೊಂತಾನ?” ಎಂದು ನಕ್ಕಳು.

ಹಾಗೆ ಕೇಳಿದ್ದು ಅವಳೇ ಎಂದು ನಾನು ನಂಬಿದ್ದೇನೆ. ಎದುರು ಮನೆಯ ಚಿಕ್ಕಮ್ಮ, ನಮ್ಮ ಕಾಕು, ಆ ಮಾತು ತಮ್ಮದು ಎನ್ನುತ್ತಾರೆ. ಈಚೆಗೆ ಇಂಥ ವಾದಗಳಲ್ಲಿ ನಾನು ಗೆಲ್ಲುವುದು ಕಡಿಮೆಯಾಗಿದೆ.

ಆ ವಸ್ತಿ ಮೋಜಿಗಾಗಿ ಅಲ್ಲ. ಅವಳ ಎರಡೂ ಕಿಡ್ನಿ ಕೈಕೊಟ್ಟಿದ್ದವು. ದಿನ ಬಿಟ್ಟು ದಿನ ಜಮಖಂಡಿಯಲ್ಲಿ ಡಯಾಲಿಸಿಸ್. ಅಷ್ಟು ದೂರದ ಪ್ರಯಾಣವನ್ನು ನಡುವೆ ಮುರಿದು, ಪರದೇಶದ ಯಾವುದೋ ಆಸ್ಪತ್ರೆಯಲ್ಲಿ ರಕ್ತ ಶುದ್ಧಿ ಮಾಡಿಸಿಕೊಂಡು, ಸುಧಾರಿಸಿಕೊಂಡು, ಮುಂದೆ ಹೋಗಬೇಕು. ಆ ಕೊನೆಯಲ್ಲಿ, ನ್ಯೂಜಿಲೆಂಡಿನಲ್ಲಿ, ಅವಳ ತಂಗಿ ಇದ್ದಳು. ತಾಯಿ ಬೇಗ ತೀರಿಕೊಂಡದ್ದರಿಂದ ಇವಳೇ ಸೊಂಟದ ಮೇಲೆ ಹೊತ್ತು ಬೆಳೆಸಿದ ತಂಗಿ. ಗಂಡನ ಜೊತೆ ಅಲ್ಲಿಯ ಹೈನು ಫಾರ್ಮಿನಲ್ಲಿ ಆಕಳು ನೋಡಿಕೊಂಡಿದ್ದಾಳೆ. ಕಾಯಂ ವಾಸದ ಕಾಗದ ಕೈಗೆ ಬರುವ ತನಕ ಅವಳು ಆ ದೇಶ ಬಿಟ್ಟು ಬರುವಂತಿರಲಿಲ್ಲ. ಒಮ್ಮೆ ಮುಟ್ಟಿ ನೋಡಬೇಕೆಂದರೆ ಇವಳೇ ಹೋಗಬೇಕಿತ್ತು.

ಮುಧೋಳದ ಟ್ರಾವೆಲ್ಸಿನವನು ಉತ್ಸಾಹದಲ್ಲಿದ್ದ. “ಸರ, ಸಿಂಗಾಪುರದಾಗ ಮೂರು ದಿನಾ ಅಂದ್ರ ದೋಣಿ, ಗಾರ್ಡನ್ನು, ಲೈಟಿಂಗು ಎಲ್ಲಾ ಆಗ್ತಾವ. ಪ್ಯಾಕೇಜ್ ಹಾಕ್ಲೇನ್ರಿ?”

“ಡಯಾಲಿಸಿಸ್ ಮಾಡೂ ಆಸ್ಪತ್ರಿ ಸಮೀಪ ಒಂದು ರೂಮ್ ಹಾಕ್ರಿ. ಸಾಕು.”

ಅವನು ಪರದೆಯಿಂದ ಕಣ್ಣು ತೆಗೆದು ನನ್ನನ್ನು ನೋಡಿದ. ಆಮೇಲೆ ಅವನ ದನಿ ತಗ್ಗಿತು.

ನಾವು ಗೊತ್ತುಮಾಡಿದ ದಿನ ಚೆನ್ನಾಗಿಲ್ಲ ಎಂದು ಕಾಕು ಪಂಚಾಂಗ ನೋಡಿ ಹೇಳಿದರು. ಪರಿಹಾರವನ್ನೂ ಅವರೇ ಹೇಳಿದರು: ಪ್ರಸ್ಥಾನ ಇಡುವುದು. ಒಳ್ಳೆಯ ದಿನ ನೋಡಿ, ಹೋಗುವವರ ಬಟ್ಟೆಯದೊಂದು ಗಂಟನ್ನು ಮೊದಲೇ ಹೊಸ್ತಿಲು ದಾಟಿಸಿ, ಹೋಗುವ ದಿಕ್ಕಿನ ಯಾರದಾದರೂ ಮನೆಯಲ್ಲಿ ಇಟ್ಟುಬಿಡಬೇಕು. ಅಲ್ಲಿಗೆ ಪ್ರಯಾಣ ಶುರುವಾದಂತೆ. ಆಮೇಲೆ ಯಾವ ದಿನ ಹೊರಟರೂ ದೋಷವಿಲ್ಲ. ಹೋಗುವಾಗ ಗಂಟನ್ನು ಎತ್ತಿಕೊಂಡು ಹೋಗಬೇಕು. ಮರಳಿ ಮನೆಯೊಳಗೆ ಮಾತ್ರ ತರಬಾರದು. ಕಾಕುವಿನ ಮನೆ ನಮಗೆ ಮೂಡಣಕ್ಕಿತ್ತು. ಸಿಂಗಾಪುರವೂ ಸುಮಾರಾಗಿ ಅದೇ ದಿಕ್ಕು.

“ಕಾಕು, ಟಿಕೀಟ್ ಮನಶ್ಯಾರಿಗೆ ತಗೀಲೋ, ಗಂಟಿಗೆ ತಗೀಲೋ?” ಎಂದೆ.

“ಧಾರವಾಡದಾಗ ಎಂಎ ಕಲ್ತಿ ಅಂತ ಎಲ್ಲಾ ತಿಳದಂಗ ಮಾಡಬ್ಯಾಡಲೇ. ಗಂಟ ಕಟ್ಟು ಸುಮ್ನ.”

ಹೆಂಡತಿ ಕಟ್ಟಿದಳು. ತಂಗಿಗೆ ಬನಹಟ್ಟಿಯ ಒಂದು ಸೀರೆ, ಶೇಂಗಾ ಚಟ್ನಿ, ಒಂದು ಅರಿಶಿನ ಕೊಂಬು, ಅಡಿಕೆ. ತನಗೆಂದು ಒಂದೇ ಸ್ವೆಟರ್. ನಾವು ಹೋಗಬೇಕೆಂದಿದ್ದ ಜುಲೈಯಲ್ಲಿ ಅಲ್ಲಿ ಕಡು ಚಳಿ. ಗಂಟನ್ನು ರಸ್ತೆ ದಾಟಿಸಿ ಕಾಕುವಿನ ಮನೆಯ ಗೋಡೆಯ ಮಾಡದಲ್ಲಿ ಇಟ್ಟವನು ನಾನು. ‘ಅಲ್ಲ, ನಾನೇ ಇಟ್ಟೆ’ ಎನ್ನುತ್ತಾಳೆ ಅವಳು, ‘ಗೋಡೆ ಹಿಡಿದು ಹೋಗಿ ಇಟ್ಟು ಬಂದೆ’ ಎನ್ನುತ್ತಾಳೆ. ನನ್ನ ತೋಳಿಗೆ ಅದರ ಭಾರ ಇನ್ನೂ ನೆನಪಿದೆ. ತೋಳು ಹೇಳುವುದನ್ನು ಸಾಕ್ಷಿಯೆಂದು ಒಪ್ಪುವವನಲ್ಲ ನಾನು, ಹಾಗಾಗಿ ಗೆಲುವನ್ನು ಅವಳಿಗೇ ಬಿಡುತ್ತೇನೆ.

ಮಳೆಗಾಲ ಹಿಡಿಯುವ ಹೊತ್ತಿಗೆ ಡಯಾಲಿಸಿಸ್ ನಡುವೆಯೇ ಅವಳ ಬಿಪಿ ಕುಸಿಯತೊಡಗಿತು. ಹೃದಯ ಸೋತಿದೆ ಎಂದರು. ವಿಮಾನ ಹತ್ತಲು ಡಾಕ್ಟರ ಪತ್ರ ಬೇಕಿತ್ತು. ಅವರು ಪೆನ್ನು ಮುಟ್ಟಲಿಲ್ಲ. “ಸರ, ಬೆಳಗಾವಿ ತನಕಾ ಕಾರಿನ್ಯಾಗ ಕಳಸಾಕನ ನನಗ ಅಂಜಿಕಿ ಆಗತೈತಿ. ಸಿಂಗಾಪುರ ಬಿಡ್ರಿ” ಎಂದರು. ಅವಳು ಪಕ್ಕದಲ್ಲೇ ಇದ್ದಳು. ಸೆರಗಿನಂಚನ್ನು ಬೆರಳಿಗೆ ಸುತ್ತುತ್ತಿದ್ದಳು.

ನಾನು ಬಿಡಲಿಲ್ಲ. ಎಲ್ಲವನ್ನೂ ಸಂಶಯಿಸುವವನು ಈ ಒಂದನ್ನು ಮಾತ್ರ ಸಂಶಯಿಸದೆ ಹಿಡಿದುಕೊಂಡೆ. ದಿನವೂ ಫೋನಿನಲ್ಲಿ ಹೊಸ ದಾರಿ ಹುಡುಕಿದೆ. ದೂರದ ಹಾರಾಟವನ್ನು ತುಂಡು ಮಾಡಿದೆ: ಮೊದಲು ಕೊಲಂಬೊ, ಆಮೇಲೆ ಸಿಂಗಾಪುರ, ಆಮೇಲೆ ಆಸ್ಟ್ರೇಲಿಯಾದ ಯಾವುದಾದರೂ ಊರು. ನನ್ನ ವಿಮಾನ ಲೋಕಾಪುರದ ಬಸ್ಸಿನಂತೆ ಕೈಮಾಡಿದಲ್ಲೆಲ್ಲ ನಿಲ್ಲತೊಡಗಿತು. ಅವಳು ಹಾಸಿಗೆಯಲ್ಲಿ ಒರಗಿ ಕೇಳುತ್ತಿದ್ದಳು.

“ಇನ್ನೊಂದು ವಸ್ತಿ ಹಾಕಿದ್ರ ಅಲ್ಲೇ ಮನಿ ಮಾಡಬೇಕಾಕ್ಕೈತ್ರಿ.”

ತಂಗಿ ವಿಡಿಯೋದಲ್ಲಿ ಬಂದಾಗ ಮಾತ್ರ, “ಗಂಟ ಮುಂದ ಹೋಗೇತವ್ವಾ, ನಾ ಹಿಂದಿಂದ ಬರಾಕತ್ತೇನಿ” ಎನ್ನುತ್ತಿದ್ದಳು. ತಂಗಿ ನಗುತ್ತಿದ್ದಳು, ನಕ್ಕು ಮುಗಿಯುವ ಮೊದಲೇ ಫೋನನ್ನು ಬೇರೆ ಕಡೆ ತಿರುಗಿಸಿ ಆಕಳು ತೋರಿಸುತ್ತಿದ್ದಳು. ಗಂಟು ಕಾಕುವಿನ ಮಾಡದಲ್ಲೇ ಇತ್ತು. ಅದನ್ನು ಏನು ಮಾಡಲಿ ಎಂದು ಕಾಕು ಒಮ್ಮೆಯೂ ಕೇಳಲಿಲ್ಲ.

ಈ ಚಳಿಗಾಲದಲ್ಲಿ ಆಸ್ಪತ್ರೆಯಿಂದ ಬಂದ ಒಂದು ಮಧ್ಯಾಹ್ನ ಅವಳಿಗೆ ನಡುಕ ನಿಲ್ಲಲಿಲ್ಲ. ಎರಡು ಕೌದಿ ಹೊದಿಸಿದೆ. ನನ್ನ ಸ್ವೆಟರ್ ತಂದೆ.

“ನಿಮ್ದು ಬ್ಯಾಡ. ನಂದ ತರ್ರಿ.”

“ಅದು ಗಂಟಿನ್ಯಾಗ ಐತಲ್ಲ” ಎಂದೆ, ಅವಳಿಗೆ ಗೊತ್ತಿಲ್ಲವೆಂಬಂತೆ.

“ಹೂಂ. ಅದನ್ನ ಹೇಳಾಕತ್ತೇನಿ.” ಹಲ್ಲು ಕಟಕಟಿಸುತ್ತಿತ್ತು. “ಹೊಸಾದ ತರಾಕ ಪ್ಯಾಟಿಗೆ ಹೋಗಬ್ಯಾಡ್ರಿ ಮತ್ತ. ಹೋಗಿ ತರ್ರಿ.”

ರಸ್ತೆ ದಾಟಿದೆ. ಕಾಕು ನನ್ನ ಮುಖ ನೋಡಿ ಮಾಡದಿಂದ ಗಂಟು ಇಳಿಸಿದರು. ಬಿಚ್ಚಿದರೆ ಶೇಂಗಾ ಚಟ್ನಿ ಮುಗ್ಗಿ ಎಣ್ಣೆಯ ಕಮಟು ಬಟ್ಟೆಗೆಲ್ಲ ಹಿಡಿದಿತ್ತು. ಸ್ವೆಟರ್ ಕಂದು ಎಂದುಕೊಂಡಿದ್ದೆ, ಅದು ಹಸಿರು.

ಸ್ವೆಟರ್ ಹಿಡಿದು ನಾನು ಮುಂಬಾಗಿಲಿನಿಂದ ಮನೆಯೊಳಗೆ ಹೋಗಲಿಲ್ಲ. ಗಲ್ಲಿ ಸುತ್ತಿ, ಹಿತ್ತಲಿಗೆ ಬಂದು, ಬಟ್ಟೆ ಒಗೆಯುವ ಕಲ್ಲು ದಾಟಿ ಹಿಂಬಾಗಿಲು ತೆರೆದೆ. ಮುಂದಿನ ಹೊಸ್ತಿಲಿನಿಂದ ಒಯ್ಯಬೇಡ, ಹಿತ್ತಲಿಂದ ಒಯ್ದರೆ ಮರಳಿ ತಂದಂತಾಗುವುದಿಲ್ಲ ಎಂದು ಕಾಕು ಹೇಳಿದ್ದರಿಂದ ಹಾಗೆ ಮಾಡಿದೆ ಎಂದು ಇಷ್ಟು ದಿನ ಅಂದುಕೊಂಡಿದ್ದೆ. ಮೊನ್ನೆ ಕೇಳಿದರೆ, “ನಾ ಏನೂ ಅಂದಿಲ್ಲೋ ತಮ್ಮಾ” ಎಂದರು.

ಹಿಂಬಾಗಿಲಿನ ಚಿಲಕದ ಸದ್ದು ಅವಳಿಗೆ ಕೇಳಿಸಿರಬೇಕು. ನಾನು ಒಳಗೆ ಬರುವಷ್ಟರಲ್ಲಿ ಕೌದಿಯಿಂದ ಎರಡೂ ಕೈ ಹೊರಗೆ ಚಾಚಿ ಕುಳಿತಿದ್ದಳು, ಸ್ವೆಟರಿನ ತೋಳು ತೊಡಿಸಲಿ ಎಂದು.