ಗಾಲಿಯ ಮುಂದಿನ ನಿಂಬೆಹಣ್ಣು

ಕಾರಿನ ಕೆಳಗೆ ಒಬ್ಬ ಮನುಷ್ಯ ಮಲಗಿದ್ದಾಗ ಅದರ ಗಾಲಿಯ ಮುಂದೆ ಏನಿರಬೇಕು? ಕಲ್ಲು ಎನ್ನುತ್ತೀರಿ. ಕಳೆದ ಭಾನುವಾರದವರೆಗೆ ನಾನೂ ಹಾಗೇ ಅನ್ನುತ್ತಿದ್ದೆ.

ನಡೆದದ್ದನ್ನು ನಡೆದಂತೆ ಬರೆಯುತ್ತೇನೆ. ಅವಸರ ಮಾಡಿದರೆ ತಪ್ಪು ಬರೆದೇನು.

ಬಸವಕಲ್ಯಾಣದ ನಮ್ಮ ಸಂಗಪ್ಪ ಕಾಕಾನ ಹತ್ತಿರ ನಿಜಾಮರ ಕಾಲದ ಕಾರೊಂದಿದೆ. ಅವರಪ್ಪ ಕೊಂಡದ್ದು. ವರ್ಷಗಟ್ಟಲೆ ದನದ ಕೊಟ್ಟಿಗೆಯಲ್ಲಿ ನಿಂತು (ಹಿಂದಿನ ಸೀಟಿನಲ್ಲಿ ಕೋಳಿಗಳ ಸಂಸಾರ ಬೇರೆ) ತಳವೆಲ್ಲ ತುಕ್ಕು ಹಿಡಿದಿತ್ತು. ಅದನ್ನು ಮತ್ತೆ ಓಡಿಸುವ ಹುಚ್ಚು ಕಾಕಾಗೆ. ಹುಮನಾಬಾದಿನಲ್ಲಿ ಗ್ಯಾರೇಜು ಇಟ್ಟಿರುವ ಮೆಹಬೂಬ್ ಭಾಯಿ ಕಾಕಾನ ಬಾಲ್ಯದ ಗೆಳೆಯರು. ತುಕ್ಕು ಕೆರೆದು, ಹೊಸ ತಗಡು ಬೆಸೆದು, ತಳಕ್ಕೆ ತುಕ್ಕು ತಡೆಯುವ ಅಂಡರ್‌ಕೋಟಿಂಗ್ ಹಚ್ಚುವ ದಿನ ಕಾಕಾನನ್ನೂ ನನ್ನನ್ನೂ ಗ್ಯಾರೇಜಿಗೆ ಕರೆದಿದ್ದರು.

ಅದು ಡಾಂಬರಿನಂಥ ಕರಿ ಮುದ್ದೆ. ಕಾರಿನ ಕೆಳಗೆ ಮಲಗಿದ್ದ ಮೆಹಬೂಬ್ ಭಾಯಿ ಅದನ್ನು ಬ್ರಷ್ಷಿನಿಂದ ಎಳೆಯುತ್ತಿರಲಿಲ್ಲ, ತಟ್ಟುತ್ತಿದ್ದರು. ತಟ್ಟಿದಲ್ಲೆಲ್ಲ ಎಮ್ಮೆಯ ನಾಲಿಗೆಯಂತೆ ತರಿತರಿ.

"ನುಣ್ಣಗ ಹಚ್ಚಬಾರದೇನ್ರಿ?" ಅಂದೆ.

"ನುಣ್ಣಗ ಹಚ್ಚಿದ್ರ ಚಂದ ಕಾಣ್ತದ್ರಿ ಅಕ್ಕೋರ. ಹಳ್ಳಿಖೇಡ ರೋಡಿನ ಕಲ್ಲು ಒಂದು ಬಡೀತಂದ್ರ ಪದರ ಎದ್ದು ಹೋಗ್ತದ. ನಿಮ್ಮ ಕಾಕಾನ ಮಾರಿ ಹಂಗ ಒರಟು ಇರಬೇಕು."

"ನನ್ನ ಮಾರಿಗೂ ಒಂದು ಕೈ ಹಚ್ಚು ಹಂಗಾದ್ರ" ಎಂದರು ಕಾಕಾ.

ಈಗ ಗಮನವಿಟ್ಟು ಓದಿ. ಕಾರಿನ ಮುಂದಿನ ಎರಡೂ ಗಾಲಿ ಬಿಚ್ಚಿದ್ದರು. ಮೂತಿ ಜಾಕಿನ ಮೇಲಿತ್ತು. ಬಿಚ್ಚಿದ ಗಾಲಿಯೊಂದನ್ನು ಮೆಹಬೂಬ್ ಭಾಯಿ ತಮ್ಮ ಪಕ್ಕದಲ್ಲೇ, ಕಾರಿನ ಕೆಳಗೆ ಅಡ್ಡ ಮಲಗಿಸಿದ್ದರು. ನೆಲ ಮುಂದಕ್ಕೆ ಇಳಿಜಾರು, ಹ್ಯಾಂಡ್‌ಬ್ರೇಕಿನ ತಂತಿ ಕಳಚಿತ್ತು. ಹಿಂದಿನ ಗಾಲಿಯ ಮುಂದೆ ಒಂದು ಕಲ್ಲಿತ್ತು. ಇತ್ತು, ನಾನು ನೋಡಿದ್ದೇನೆ. ಆಮೇಲೆ ಆ ತರಿತರಿ ನೋಡುತ್ತ ಮೈಮರೆತೆ.

ಕರ್ ಎಂದು ಸದ್ದಾಯಿತು. ಕಾರು ಮುಂದಕ್ಕೆ ಸರಿಯಿತು, ಜಾಕ್ ವಾಲಿತು, ಮೂತಿ ಧಡ್ ಎಂದು ಕೆಳಗೆ ಕೂತಿತು. ಮಲಗಿಸಿದ್ದ ಗಾಲಿ ಅದನ್ನು ತಡೆಯಿತು. ಗಾಲಿಯ ಎತ್ತರದಷ್ಟೇ ಸಂದಿಯಿಂದ ಮೆಹಬೂಬ್ ಭಾಯಿ ತೆವಳಿ ಹೊರಬಂದರು.

ಮೈಗೆ ಏನೂ ಆಗಿರಲಿಲ್ಲ. ಮುಖ ಮಾತ್ರ ಬಿಳಿಚಿತ್ತು. ಅವರು ಕೇಳಿದ ಮೊದಲ ಮಾತು: "ಅಕ್ಕೋರ, ನಾ ಕಲ್ಲು ಇಟ್ಟಿದ್ನೋ ಇಲ್ಲೋ? ಖರೇ ಹೇಳ್ರಿ. ಮರ್ತಿದ್ರ ಇವತ್ತಿಗೆ ಈ ಕೆಲಸ ಬಿಡ್ತೀನಿ."

ಈ ಕೆಲಸ ಬಿಟ್ಟರೆ ಆ ಮನುಷ್ಯನಿಗೆ ಬೇರೇನಿದೆ? ಗಾಲಿಯತ್ತ ನೋಡಿದೆ. ಅಲ್ಲಿ ಕಲ್ಲಿರಲಿಲ್ಲ. ಒಡೆದ ನಿಂಬೆಹಣ್ಣು ಟೈರಿಗೆ ಅಂಟಿತ್ತು. ಕಾಕಾ ಧೋತರಕ್ಕೆ ಕೈಮಣ್ಣು ಒರೆಸಿಕೊಳ್ಳುತ್ತಿದ್ದರು.

"ಕಲ್ಲು ಇತ್ತು, ನೋಡೀನಿ" ಅಂದೆ. "ಯಾರು ತೆಗೆದರೋ ನೋಡಿಲ್ಲ." ಎರಡೂ ನಿಜ.

ಕಾಕಾ ಕೈ ಒರೆಸುವುದನ್ನು ನಿಲ್ಲಿಸಿದರು.

"ನಾನೇ ಸರಿಸೀನಿ" ಎಂದರು ಕಾಕಾ. "ನಿಂಬೆಹಣ್ಣು ಗಾಲಿಗೆ ತಾಗಿರಬೇಕಲ್ಲ? ಕಲ್ಲು ಅಡ್ಡ ಬರ್ತಿತ್ತು."

"ಗಾಡಿ ಹೊರಡೋ ಮುಂದ ಇಡೋದಲ್ಲೇನೋ ಅದು, ಸಾವ್ಕಾರ್? ಗಾಡಿಗಿನ್ನೂ ಕಾಲೇ ಇಲ್ಲ" ಎಂದರು ಮೆಹಬೂಬ್ ಭಾಯಿ.

"ಗಾಡಿಗಲ್ಲೋ. ತಗಡಿಗೇನು ಗಂಡಾಂತರ? ಕೆಳಗ ನೀ ಮಲಗಿದ್ದಿಯಲ್ಲ, ನಿನ್ನ ಸಲುವಾಗಿ ಇಟ್ಟೆ." ಕಾಕಾ ಟೈರಿನ ಕಡೆ ಬೆರಳು ಮಾಡಿದರು. "ನೋಡು, ನಿನಗ ಬಂದದ್ದು ಅದು ತಗೊಂಡದ."

ಇಂಥವರ ಮೇಲೆ ಸಿಟ್ಟಾಗುವುದು ಹೇಗೆ? ಆಗದೆ ಇರುವುದು ಹೇಗೆ? ಗೆಳೆಯ ಉಳಿಯಲಿ ಎಂದು ಮಾಡಿದ ಕೆಲಸವೇ ಗೆಳೆಯನನ್ನು ಮುಗಿಸುತ್ತಿತ್ತು. ಕಾಕಾ ಈಗಲೂ ಹಣ್ಣೇ ಉಳಿಸಿತು ಎನ್ನುತ್ತಾರೆ. ಅಡ್ಡ ಮಲಗಿಸಿದ್ದ ಗಾಲಿಯ ಮಾತೇ ಎತ್ತುವುದಿಲ್ಲ. ಪ್ರೀತಿಗೆ ಬೈಯಬೇಕೋ ಬುದ್ಧಿಗೆ ಬೈಯಬೇಕೋ ನನಗಿನ್ನೂ ತಿಳಿದಿಲ್ಲ.

ಚಹಾ ಕುಡಿದ ಮೇಲೆ ಮೆಹಬೂಬ್ ಭಾಯಿ ಜಾಕ್ ಏರಿಸಿದರು. ಕಲ್ಲನ್ನು ತಾವೇ ಇಟ್ಟು, ಒದ್ದು ನೋಡಿದರು. ಕಾಕಾ ಜೇಬಿಗೆ ಕೈ ಹಾಕಿ, "ಇನ್ನೊಂದು ಅದ" ಎಂದರು.

ಮೆಹಬೂಬ್ ಭಾಯಿ ಕೈ ಚಾಚಿ ಆ ಹಣ್ಣನ್ನು ತೆಗೆದುಕೊಂಡರು, ತಮ್ಮ ಅಂಗಿಯ ಜೇಬಿನಲ್ಲಿಟ್ಟು ಗುಂಡಿ ಹಾಕಿದರು, ಬ್ರಷ್ ಹಿಡಿದು ಮತ್ತೆ ಕಾರಿನ ಕೆಳಗೆ ಹೋದರು.

ನಂಬಿ ಇಟ್ಟುಕೊಂಡರೋ, ಮತ್ತೆ ಕಾಕಾನ ಕೈಗೆ ಸಿಗಬಾರದೆಂದು ಇಟ್ಟುಕೊಂಡರೋ?