ಬದುವಿನ ಹುಣಸೆ

ಗೆಳೆಯರೇ, ಬೋನ್ಸಾಯ್‌ಗೆಂದು ಕಾಡುಗಿಡ ಹುಡುಕುತ್ತಾ ಇವತ್ತು ಸಿಂಧಘಟ್ಟಕ್ಕೆ ಹೋಗಿದ್ದೆ. ಹೊಲದ ಬದುವಿನಲ್ಲಿ ಸೊಂಟದೆತ್ತರದ ಮುದಿ ಹುಣಸೆಯೊಂದು ಕಂಡಿತು. ಎಂಥ ಬುಡ, ಎಂಥ ತಿರುವು! ಅಗೆದುಕೊಳ್ಳಲೇ ಎಂದು ಹೊಲದ ಯಜಮಾನರನ್ನು ಕೇಳಿದೆ.

"ಬ್ಯಾಡಿ ಸಾ. ಅದು ನನ್ಗೂ ತಮ್ಮನ್ಗೂ ಎಲ್ಲೆ. ನೆಳ್ಳು ರಾಗಿಗೆ ಬೀಳಬಾರ್ದು ಅಂತ ಈ ಕಡೆ ನಾನು ಸವರ್ತೀನಿ, ಆ ಕಡೆ ಅವ್ನು. ಅದ್ಕೇ ಅಂಗೆ ಕುಳ್ಳಗೆ ಉಳ್ಕಂಡದೆ. ನಾವು ಮಾತು ಬುಟ್ಟು ಇಪ್ಪತ್ತು ವರ್ಸ ಆಯ್ತು."

ಅಷ್ಟರಲ್ಲಿ ಆ ತಮ್ಮನೇ ಕುಡುಗೋಲು ಹಿಡಿದು ಓಡಿಬಂದರು. "ನಮ್ಮಣ್ಣ ಕೊಟ್ರೂ ನಾನು ಕೊಡಾಕಿಲ್ಲ ಸಾ!"

ಬುಡದ ಗರಿಕೆಯನ್ನಷ್ಟೇ ಕೇಳಿ ತಂದು, ಬೋನ್ಸಾಯ್ ಪಕ್ಕದಲ್ಲಿಡುವ ಪುಟ್ಟ ಕುಂಡದಲ್ಲಿ ನೆಟ್ಟೆ. ಮನೆಯ ಬೋನ್ಸಾಯ್ ಹುಣಸೆಗೆ ಹತ್ತು ವರ್ಷದಿಂದ ಕತ್ತರಿ ಹಾಕುತ್ತಿದ್ದೇನೆ, ಆ ರೂಪ ಬಂದಿಲ್ಲ. ಬರುವುದಾದರೂ ಹೇಗೆ? ನನ್ನ ತಮ್ಮ ನನ್ನ ಜೊತೆ ಮಾತಾಡುತ್ತಾನಲ್ಲ!